ಗೆಲಾಕ್ಸಿಗಳು ಒಮ್ಮೆಲೇ ಹುಟ್ಟಿದವೇ, ಕೂಡಿ ಬೆಳೆದವೇ?

ಪ್ರಶ್ನೆ: ನಮ್ಮದು ಸುಂಟಿಕೊಪ್ಪದ ಕಡೆ ಸಣ್ಣ ಕಾಫಿ ತೋಟ. ಜನವರಿಯಲ್ಲಿ ಕಣದಲ್ಲಿ ಹರಡಿದ್ದ ಕಾಫಿಗೆ ರಾತ್ರಿ ಕಾವಲಿದ್ದಾಗ, ಪಿಯುಸಿ ಓದುತ್ತಿರುವ ಮಗಳು ಬೈನಾಕ್ಯುಲರ್‌ನಲ್ಲಿ ಆಂಡ್ರೊಮಿಡಾ ಗೆಲಾಕ್ಸಿಯನ್ನು ತೋರಿಸಿದಳು. ಅದೂ ನಮ್ಮ ಆಕಾಶಗಂಗೆಯೂ ಆರಂಭದಲ್ಲಿ ಒಮ್ಮೆಲೇ ಹುಟ್ಟಿದವೇ? ಅಥವಾ ಭಾಗಮಂಡಲದಲ್ಲಿ ಕನ್ನಿಕೆ, ಮುಂದೆ ಕೂಡಿಗೆಯಲ್ಲಿ ಹಾರಂಗಿ ಸೇರಿ ಕಾವೇರಿ ದೊಡ್ಡದಾದಂತೆ, ಸಣ್ಣವು ಕೂಡಿ ದೊಡ್ಡವಾದವೇ? ಗೆಲಾಕ್ಸಿಗಳಿಗೂ ಮುಪ್ಪು ಬರುತ್ತದೆಯೇ? ಯಾರೂ ಕಣ್ಣಾರೆ ಕಾಣದ ಈ ಸಂಗತಿಗಳನ್ನು ವಿಜ್ಞಾನಿಗಳು ಹೇಗೆ ಹೇಳುತ್ತಾರೆ?

ಉತ್ತರ: ನೀವು ಕೇಳಿರುವ ಎರಡು ಸಾಧ್ಯತೆಗಳ ಬಗ್ಗೆ ಖಗೋಳವಿಜ್ಞಾನಿಗಳಲ್ಲಿಯೇ ಬಹುಕಾಲ ಭಿನ್ನಾಭಿಪ್ರಾಯವಿತ್ತು. 1962ರಲ್ಲಿ ಎಗ್ಗನ್, ಲಿಂಡನ್-ಬೆಲ್ ಮತ್ತು ಸ್ಯಾಂಡೇಜ್ ಎಂಬ ಮೂವರು, ಆಕಾಶಗಂಗೆಯ ಹಳೆಯ ನಕ್ಷತ್ರಗಳ ಚಲನೆಯನ್ನು ಪರಿಶೀಲಿಸಿ, ಒಂದೇ ದೊಡ್ಡ ಅನಿಲರಾಶಿ ಬಹಳ ಕಡಿಮೆ ಕಾಲದಲ್ಲಿ ತನ್ನೊಳಗೆ ತಾನೇ ಕುಸಿದು ನಮ್ಮ ಗೆಲಾಕ್ಸಿಯಾಯಿತು ಎಂದು ವಾದಿಸಿದರು. 1978ರಲ್ಲಿ ಸರ್ಲ್ ಮತ್ತು ಜಿನ್ ಇದಕ್ಕೆ ಎದುರಾದ ಚಿತ್ರವನ್ನು ಮುಂದಿಟ್ಟರು: ಆಕಾಶಗಂಗೆಯ ಹೊರವಲಯದ ನಕ್ಷತ್ರಗುಚ್ಛಗಳ ರಾಸಾಯನಿಕ ರಚನೆಯನ್ನು ನೋಡಿದರೆ, ಅವು ಬೇರೆ ಬೇರೆ ಸಣ್ಣ ತುಣುಕುಗಳಲ್ಲಿ ಹುಟ್ಟಿ, ಆ ತುಣುಕುಗಳು ಒಂದೊಂದಾಗಿ ಬಂದು ಸೇರಿದಂತೆ ಕಾಣುತ್ತದೆ ಎಂದರು. ಎರಡು ವಾದಗಳಲ್ಲಿಯೂ ಸತ್ಯವಿತ್ತು. ಆದ್ದರಿಂದ ನಿಮ್ಮ ಕಾವೇರಿಯ ಹೋಲಿಕೆ ಅರ್ಧದಷ್ಟು ಸರಿ ಎನ್ನಬೇಕಾಗುತ್ತದೆ. ಉಳಿದ ಅರ್ಧ ಅನಿಲಕ್ಕೆ ಸಂಬಂಧಿಸಿದ್ದು. ಗೆಲಾಕ್ಸಿಯೊಳಗೆ ಅನಿಲ ಎಷ್ಟು ಬರುತ್ತದೆ, ಅದರಲ್ಲಿ ಎಷ್ಟು ನಕ್ಷತ್ರವಾಗುತ್ತದೆ, ಬರುವುದು ಯಾವಾಗ ನಿಲ್ಲುತ್ತದೆ ಎಂಬ ಲೆಕ್ಕವೇ ಹೆಚ್ಚು ತೂಕದ್ದು ಎಂಬುದು ನನ್ನ ಅಭಿಪ್ರಾಯ. ಡಿಕ್ಕಿಗಳ ಚಿತ್ರಗಳು ಸುಂದರವಾಗಿರುವುದರಿಂದ ಪತ್ರಿಕೆಗಳಲ್ಲಿ ಅವುಗಳಿಗೇ ಹೆಚ್ಚು ಜಾಗ ಸಿಗುತ್ತದೆ, ಅಷ್ಟೇ.

ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಮಿಕ್ಕ ಉತ್ತರಗಳೆಲ್ಲ ಅದರ ಮೇಲೆಯೇ ನಿಂತಿವೆ. ಆಂಡ್ರೊಮಿಡಾದಿಂದ ನಿಮ್ಮ ಕಣ್ಣಿಗೆ ಬಿದ್ದ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷಗಳಾಗಿವೆ. ನಮಗೆ ಇದು ದೊಡ್ಡ ಅವಧಿಯಾದರೂ ಗೆಲಾಕ್ಸಿಯ ಬಾಳಿನಲ್ಲಿ ಏನೇನೂ ಅಲ್ಲ. ಸೂರ್ಯ ಆಕಾಶಗಂಗೆಯ ಕೇಂದ್ರವನ್ನು ಒಂದು ಬಾರಿ ಸುತ್ತಿ ಬರಲು 22ರಿಂದ 23 ಕೋಟಿ ವರ್ಷ ಬೇಕು. ಹಾಗಾಗಿ ಬೆಳವಣಿಗೆಯನ್ನು ಕಾಣಬೇಕಾದರೆ ನೂರಾರು ಕೋಟಿ ವರ್ಷಗಳಷ್ಟು ಹಿಂದಕ್ಕೆ, ಅಂದರೆ ನೂರಾರು ಕೋಟಿ ಜ್ಯೋತಿರ್ವರ್ಷಗಳಷ್ಟು ದೂರಕ್ಕೆ ನೋಡಬೇಕು. 1995ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕವನ್ನು ಸಪ್ತರ್ಷಿ ಮಂಡಲದ ಬಳಿಯ, ಖಾಲಿಯೆಂದೇ ತೋರುತ್ತಿದ್ದ ಒಂದು ಚಿಕ್ಕ ಜಾಗಕ್ಕೆ ಹತ್ತು ದಿನ ನೆಟ್ಟು ತೆಗೆದ ಚಿತ್ರದಲ್ಲಿ ಸುಮಾರು 3,000 ಗೆಲಾಕ್ಸಿಗಳು ಕಂಡವು. ಅವುಗಳಲ್ಲಿ ದೂರದವು ಇಂದಿನ ಅಚ್ಚುಕಟ್ಟಾದ ಸುರುಳಿಗಳಂತಿರದೆ, ಚಿಕ್ಕದಾಗಿ, ಮುದ್ದೆಮುದ್ದೆಯಾಗಿ, ನೀಲಿ ಬಣ್ಣದಲ್ಲಿದ್ದವು. ಬ್ರಹ್ಮಾಂಡ ಹಿಗ್ಗುತ್ತಿರುವುದರಿಂದ ಬೆಳಕಿನ ತರಂಗಗಳೂ ದಾರಿಯಲ್ಲಿ ಹಿಗ್ಗುತ್ತವೆ. ಎಷ್ಟು ಹಿಗ್ಗಿವೆ ಎಂದು ರೋಹಿತದಲ್ಲಿ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಯಲ್ಲಿ, ಅಳೆದರೆ ಆ ಬೆಳಕು ಯಾವ ಕಾಲದ್ದು ಎಂಬುದು ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಒಂದೇ ಗೆಲಾಕ್ಸಿ ಬೆಳೆಯುವುದನ್ನು ನಾವು ನೋಡುತ್ತಿಲ್ಲ. ಬೇರೆ ಬೇರೆ ಗೆಲಾಕ್ಸಿಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ನೋಡಿ, ಸಾವಿರಗಟ್ಟಲೆ ಉದಾಹರಣೆಗಳನ್ನು ಒಟ್ಟುಗೂಡಿಸಿ, ಇಂತಹದು ಮುಂದೆ ಇಂತಹದಾಗಿರಬೇಕು ಎಂದು ತರ್ಕಿಸುತ್ತೇವೆ. ಈ ತರ್ಕವನ್ನು ಒರೆಗೆ ಹಚ್ಚಲು ಎರಡನೆಯ ದಾರಿಯೊಂದಿದೆ: ನಮ್ಮದೇ ಆಕಾಶಗಂಗೆಯ ಹಳೆಯ ನಕ್ಷತ್ರಗಳು ತಾವು ಹುಟ್ಟಿದ ಕಾಲದ ಅನಿಲದ ರಚನೆಯನ್ನು ತಮ್ಮ ಮೇಲ್ಪದರದಲ್ಲಿ ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡಿವೆ. ದೂರದ ನೋಟ ಮತ್ತು ಹತ್ತಿರದ ಪಳೆಯುಳಿಕೆ ಎರಡೂ ಒಂದೇ ಕಥೆಯನ್ನು ಹೇಳಿದಾಗ ಮಾತ್ರ ಅದನ್ನು ನಂಬಬಹುದು.

ಇನ್ನು ಆರಂಭದ ವಿಷಯ. ಬ್ರಹ್ಮಾಂಡದ ವಯಸ್ಸು ಸುಮಾರು 1,380 ಕೋಟಿ ವರ್ಷ. ಅದಕ್ಕೆ 3.8 ಲಕ್ಷ ವರ್ಷವಾಗಿದ್ದಾಗ ಹೊರಟ ಬೆಳಕು ಇಂದು ಸೂಕ್ಷ್ಮತರಂಗಗಳ ರೂಪದಲ್ಲಿ ಎಲ್ಲ ದಿಕ್ಕುಗಳಿಂದಲೂ ಬರುತ್ತಿದೆ. ಅದರಲ್ಲಿ ಒಂದು ಕಡೆಗೂ ಇನ್ನೊಂದು ಕಡೆಗೂ ಲಕ್ಷದಲ್ಲಿ ಒಂದು ಪಾಲಿನಷ್ಟು ಏರುಪೇರಿದೆ ಎಂಬುದನ್ನು 1992ರಲ್ಲಿ ಕೋಬ್ ಉಪಗ್ರಹ ಮೊದಲ ಬಾರಿಗೆ ತೋರಿಸಿತು. ಇಂದಿನ ಎಲ್ಲ ಗೆಲಾಕ್ಸಿಗಳ ಮೂಲವೂ ಆ ಅತ್ಯಲ್ಪ ಏರುಪೇರೇ. ಸ್ವಲ್ಪ ಹೆಚ್ಚು ದ್ರವ್ಯವಿದ್ದ ಜಾಗ ಸುತ್ತಲಿನದನ್ನು ಸ್ವಲ್ಪ ಹೆಚ್ಚು ಎಳೆದುಕೊಂಡಿತು. ಎಳೆದುಕೊಂಡದ್ದರಿಂದ ಅದರ ಸೆಳೆತ ಇನ್ನೂ ಹೆಚ್ಚಿತು. ಆದರೆ ನಮಗೆ ಕಾಣುವ ಸಾಮಾನ್ಯ ದ್ರವ್ಯ ಮಾತ್ರವೇ ಇದ್ದಿದ್ದರೆ ಈ ಕೆಲಸ ಇಷ್ಟು ಬೇಗ ಮುಗಿಯುತ್ತಿರಲಿಲ್ಲ. ಸಾಮಾನ್ಯ ದ್ರವ್ಯದ ಸುಮಾರು ಐದು ಪಟ್ಟಿರುವ, ಬೆಳಕನ್ನು ಸೂಸದ ಮತ್ತು ಹೀರದ ಕಪ್ಪು ದ್ರವ್ಯ ಮೊದಲೇ ಗುಪ್ಪೆಗಟ್ಟತೊಡಗಿತ್ತು. ಅದರ ಇರವಿಗೆ ಬಲವಾದ ಸಾಕ್ಷ್ಯಗಳಲ್ಲೊಂದು ನೀವು ನೋಡಿದ ಆಂಡ್ರೊಮಿಡಾದಿಂದಲೇ ಬಂದಿತು: 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಅದರ ಸುತ್ತುವಿಕೆಯನ್ನು ಅಳೆದಾಗ, ಅಂಚಿನ ಭಾಗಗಳು ಕಣ್ಣಿಗೆ ಕಾಣುವ ದ್ರವ್ಯದ ಗುರುತ್ವಕ್ಕೆ ತಕ್ಕಂತೆ ನಿಧಾನವಾಗದೆ ವೇಗವಾಗಿಯೇ ಸುತ್ತುತ್ತಿದ್ದವು.

ಕಪ್ಪು ದ್ರವ್ಯದ ಗುಪ್ಪೆ ತಾನಾಗಿ ಗೆಲಾಕ್ಸಿಯಾಗುವುದಿಲ್ಲ. ಅದರ ಕಣಗಳು ಒಂದರೊಳಗೊಂದು ಹಾದು ಹೋಗುತ್ತವೆ. ಶಕ್ತಿಯನ್ನು ಕಳೆದುಕೊಳ್ಳುವ ದಾರಿ ಇಲ್ಲದ ಕಾರಣ ದೊಡ್ಡ, ಸಡಿಲವಾದ ಗೋಳವಾಗಿಯೇ ಉಳಿಯುತ್ತವೆ. ಅದರೊಳಗೆ ಬಿದ್ದ ಜಲಜನಕ ಮತ್ತು ಹೀಲಿಯಂ ಹಾಗಲ್ಲ. ಅನಿಲ ಅನಿಲಕ್ಕೆ ತಾಗಿ ಬಿಸಿಯಾಗುತ್ತದೆ, ಬಿಸಿಯನ್ನು ಬೆಳಕಾಗಿ ಹೊರಚೆಲ್ಲುತ್ತದೆ, ಶಕ್ತಿ ಕಳೆದುಕೊಂಡು ಇನ್ನಷ್ಟು ಕೆಳಗಿಳಿಯುತ್ತದೆ. ಆದರೆ ತನ್ನ ಸುತ್ತುವಿಕೆಯನ್ನು ಅಷ್ಟು ಸುಲಭವಾಗಿ ಕಳೆದುಕೊಳ್ಳದು. ಆದ್ದರಿಂದ ಕೊನೆಗೆ ಕೇಂದ್ರದ ಸುತ್ತ ತೆಳುವಾದ ತಟ್ಟೆಯಾಗಿ ನಿಲ್ಲುತ್ತದೆ. ಕಪ್ಪು ದ್ರವ್ಯದ ಗೋಳದೊಳಗೆ ಅನಿಲ ತಣಿದು ಗೆಲಾಕ್ಸಿಯಾಗುತ್ತದೆ ಎಂಬ ಈ ಚೌಕಟ್ಟನ್ನು ಸೈಮನ್ ವೈಟ್ ಮತ್ತು ಮಾರ್ಟಿನ್ ರೀಸ್ 1978ರಲ್ಲಿ ಸ್ಪಷ್ಟವಾಗಿ ರೂಪಿಸಿದರು. ಇಂದಿನ ಕಂಪ್ಯೂಟರ್ ಮಾದರಿಗಳೆಲ್ಲ ಅದನ್ನೇ ಆಧರಿಸಿವೆ. 1962ರ ಮೂವರು ಹೇಳಿದ್ದ ಅನಿಲದ ಕುಸಿತಕ್ಕೂ ಸರ್ಲ್ ಮತ್ತು ಜಿನ್ ಹೇಳಿದ್ದ ತುಣುಕುಗಳಿಗೂ ಈ ಚೌಕಟ್ಟಿನಲ್ಲಿ ಜಾಗವಿದೆ: ಗೋಳಗಳು ಒಂದನ್ನೊಂದು ಕೂಡುತ್ತ ಬೆಳೆಯುತ್ತವೆ, ಪ್ರತಿ ಗೋಳದೊಳಗೂ ಅನಿಲ ತಣಿದು ಇಳಿಯುತ್ತಿರುತ್ತದೆ.

ಮೊದಲ ಗೆಲಾಕ್ಸಿಗಳು ಯಾವಾಗ ಬೆಳಗಿದವು ಎಂಬುದರಲ್ಲಿ ಕಳೆದ ಕೆಲವು ವರ್ಷಗಳಲ್ಲಿ ನಮ್ಮ ನಿರೀಕ್ಷೆ ತಲೆಕೆಳಗಾಗಿದೆ. ಜೇಮ್ಸ್ ವೆಬ್ ದೂರದರ್ಶಕ 2024ರಲ್ಲಿ ಗುರುತಿಸಿದ ಒಂದು ಗೆಲಾಕ್ಸಿಯ ಬೆಳಕು, ಬ್ರಹ್ಮಾಂಡಕ್ಕೆ ಕೇವಲ 29 ಕೋಟಿ ವರ್ಷ ವಯಸ್ಸಾಗಿದ್ದಾಗ ಹೊರಟದ್ದು. ಅಷ್ಟು ಬೇಗ ಅಷ್ಟು ಪ್ರಕಾಶಮಾನವಾದ ಗೆಲಾಕ್ಸಿಗಳು ಇಷ್ಟೊಂದು ಸಂಖ್ಯೆಯಲ್ಲಿ ಇರುತ್ತವೆಂದು ಮೊದಲಿನ ಮಾದರಿಗಳು ಹೇಳಿರಲಿಲ್ಲ. ಇದರಿಂದ ಮಹಾಸ್ಫೋಟ ಸಿದ್ಧಾಂತವೇ ಬಿದ್ದುಹೋಯಿತು ಎಂಬ ಸುದ್ದಿಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ಅದನ್ನು ನಂಬಬೇಡಿ. ಪ್ರಶ್ನೆ ಎದ್ದಿರುವುದು ಆ ಕಾಲದಲ್ಲಿ ಅನಿಲ ಎಷ್ಟು ಬೇಗ ನಕ್ಷತ್ರವಾಗುತ್ತಿತ್ತು, ಆ ನಕ್ಷತ್ರಗಳು ಎಷ್ಟು ಭಾರವಾಗಿದ್ದವು ಎಂಬ ಬಗ್ಗೆ. ಬ್ರಹ್ಮಾಂಡ ಹಿಗ್ಗುತ್ತಿದೆಯೇ ಇಲ್ಲವೇ ಎಂಬ ಬಗ್ಗೆ ಅಲ್ಲ. ತಟ್ಟೆಗಳ ವಿಷಯದಲ್ಲಿಯೂ ಇಂತಹದೇ ಅಚ್ಚರಿ ಕಾದಿತ್ತು. ಪುಣೆಯ ರಾಷ್ಟ್ರೀಯ ರೇಡಿಯೊ ಖಭೌತ ಕೇಂದ್ರದ ಸಂಶೋಧಕರು ವೆಬ್ ಚಿತ್ರಗಳಲ್ಲಿ ಗುರುತಿಸಿ ಅಲಕನಂದಾ ಎಂದು ಹೆಸರಿಟ್ಟ ಸುರುಳಿ ಗೆಲಾಕ್ಸಿ, ಬ್ರಹ್ಮಾಂಡಕ್ಕೆ ಸುಮಾರು 150 ಕೋಟಿ ವರ್ಷವಾಗಿದ್ದಾಗಲೇ ಎರಡು ಸ್ಪಷ್ಟ ತೋಳುಗಳನ್ನು ಚಾಚಿಕೊಂಡಿತ್ತು. ಹಬಲ್ ಚಿತ್ರಗಳನ್ನು ನೋಡಿ ನಾವು ಅಂದುಕೊಂಡದ್ದಕ್ಕಿಂತ ಬೇಗನೆ ಅನಿಲ ಶಾಂತವಾಗಿ ತಟ್ಟೆಯಾಗಬಲ್ಲದು ಎಂಬುದು ಈಗ ಒಪ್ಪಿತವಾಗುತ್ತಿದೆ.

ಈಗ ನಿಮ್ಮ ಕಾವೇರಿಗೆ ಬರೋಣ. ಸಣ್ಣ ಗೆಲಾಕ್ಸಿಗಳು ದೊಡ್ಡದನ್ನು ಸೇರುವುದಕ್ಕೆ ಬೇರೆಲ್ಲಿಯೂ ಹೋಗಿ ಸಾಕ್ಷಿ ಹುಡುಕಬೇಕಾಗಿಲ್ಲ. ಧನು ರಾಶಿಯ ದಿಕ್ಕಿನಲ್ಲಿ, ಆಕಾಶಗಂಗೆಯ ಕೇಂದ್ರದ ಆಚೆ ಬದಿಯಲ್ಲಿ, ಒಂದು ಕುಬ್ಜ ಗೆಲಾಕ್ಸಿ ಚಿಂದಿಯಾಗುತ್ತ ನಮ್ಮದರೊಳಗೆ ಬೆರೆಯುತ್ತಿರುವುದು 1994ರಲ್ಲಿ ಪತ್ತೆಯಾಯಿತು. ಅದರಿಂದ ಕಿತ್ತುಬಂದ ನಕ್ಷತ್ರಗಳ ಸಾಲು ಆಕಾಶವನ್ನೇ ಸುತ್ತಿಕೊಂಡಿದೆ. ಇದಕ್ಕಿಂತ ದೊಡ್ಡ ಘಟನೆಯೊಂದು 2018ರಲ್ಲಿ ಬಯಲಾಯಿತು. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಗಾಯಾ ಉಪಗ್ರಹ ಆ ವರ್ಷ 130 ಕೋಟಿಗೂ ಹೆಚ್ಚು ನಕ್ಷತ್ರಗಳ ಸ್ಥಾನ ಮತ್ತು ಚಲನೆಯ ಮಾಹಿತಿಯನ್ನು ಬಿಡುಗಡೆ ಮಾಡಿತು. ಸೂರ್ಯನ ಸುತ್ತಮುತ್ತಲಿನ ಹಳೆಯ ನಕ್ಷತ್ರಗಳನ್ನು ಅದರಲ್ಲಿ ಬೇರ್ಪಡಿಸಿ ನೋಡಿದಾಗ, ಒಂದು ದೊಡ್ಡ ಗುಂಪು ಎಲ್ಲರಂತೆ ತಟ್ಟೆಯಲ್ಲಿ ಸುತ್ತದೆ, ಕೇಂದ್ರದ ಹತ್ತಿರಕ್ಕೆ ಧುಮುಕಿ ಮತ್ತೆ ಬಹುದೂರಕ್ಕೆ ಹೋಗಿ ಬರುವ ನೀಳವಾದ ಕಕ್ಷೆಗಳಲ್ಲಿ ಓಡಾಡುತ್ತಿತ್ತು. ಅವುಗಳ ರಾಸಾಯನಿಕ ರಚನೆಯೂ ಬೇರೆಯಾಗಿತ್ತು: ಕಬ್ಬಿಣದೊಡನೆ ಹೋಲಿಸಿದರೆ ಮೆಗ್ನೀಸಿಯಂನಂತಹ ಮೂಲವಸ್ತುಗಳ ಪ್ರಮಾಣ, ನಿಧಾನವಾಗಿ ನಕ್ಷತ್ರಗಳನ್ನು ಮಾಡುವ ಸಣ್ಣ ಗೆಲಾಕ್ಸಿಯಲ್ಲಿ ಇರಬೇಕಾದಷ್ಟೇ ಇತ್ತು. ಸುಮಾರು 1,000 ಕೋಟಿ ವರ್ಷಗಳ ಹಿಂದೆ ಆಕಾಶಗಂಗೆ ನುಂಗಿದ ಒಂದು ಗೆಲಾಕ್ಸಿಯ ಅವಶೇಷವಿದು. ಅದಕ್ಕೆ ಗಾಯಾ-ಎನ್ಸೆಲಡಸ್ ಎಂದು ಹೆಸರಿಟ್ಟಿದ್ದಾರೆ. ಈ ಶತಮಾನದ ಖಗೋಳವಿಜ್ಞಾನದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಪತ್ತೇದಾರಿ ಕೆಲಸ ಇದು.

ಎರಡು ಗೆಲಾಕ್ಸಿಗಳು ಕೂಡುವಾಗ ನಕ್ಷತ್ರಕ್ಕೆ ನಕ್ಷತ್ರ ಬಡಿಯುತ್ತದೆ ಎಂದು ಹಲವರು ಭಾವಿಸುತ್ತಾರೆ. ಬಹುತೇಕ ಬಡಿಯುವುದೇ ಇಲ್ಲ. ಸೂರ್ಯನಿಗೂ ಅದರ ಅತಿ ಸಮೀಪದ ನಕ್ಷತ್ರಕ್ಕೂ ನಡುವೆ ಸೂರ್ಯನಂತಹ ಸುಮಾರು ಮೂರು ಕೋಟಿ ಗೋಳಗಳನ್ನು ಸಾಲಾಗಿ ಇಡುವಷ್ಟು ಅಂತರವಿದೆ. ಬಡಿದುಕೊಳ್ಳುವುದು ಅನಿಲ, ಅದು ಒತ್ತಿಕೊಂಡಾಗ ಒಮ್ಮೆಲೇ ಬಹಳಷ್ಟು ನಕ್ಷತ್ರಗಳು ಹುಟ್ಟುತ್ತವೆ. ನಕ್ಷತ್ರಗಳ ಕಕ್ಷೆಗಳು ಮಾತ್ರ ಕಲಕಿಹೋಗುತ್ತವೆ. 1972ರಲ್ಲಿ ಟೂಮ್ರೆ ಸಹೋದರರು ಆಗಿನ ಸಣ್ಣ ಕಂಪ್ಯೂಟರಿನಲ್ಲಿ ಇದನ್ನು ಲೆಕ್ಕಹಾಕಿ, ಕೆಲವು ಗೆಲಾಕ್ಸಿಗಳಿಗೆ ಇರುವ ಉದ್ದನೆಯ ಬಾಲಗಳು ಇಂತಹ ಸೆಳೆದಾಟದಿಂದಲೇ ಆದವು ಎಂದು ತೋರಿಸಿದರು. ಆಂಡ್ರೊಮಿಡಾ ನಮ್ಮತ್ತ ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ, ಸುಮಾರು 400 ಕೋಟಿ ವರ್ಷಗಳಲ್ಲಿ ಡಿಕ್ಕಿ ಖಚಿತ ಎಂದು ಪಠ್ಯಪುಸ್ತಕಗಳಲ್ಲಿಯೂ ಬರೆದಿದ್ದಾರೆ. 2025ರಲ್ಲಿ ಪ್ರಕಟವಾದ ಹೊಸ ಲೆಕ್ಕದಲ್ಲಿ ಸುತ್ತಲಿನ ಸಣ್ಣ ಗೆಲಾಕ್ಸಿಗಳ ಸೆಳೆತವನ್ನೂ ಅಳತೆಯ ಅನಿಶ್ಚಿತತೆಗಳನ್ನೂ ಸೇರಿಸಿಕೊಂಡಾಗ, ಮುಂದಿನ 1,000 ಕೋಟಿ ವರ್ಷಗಳಲ್ಲಿ ಅವೆರಡೂ ಕೂಡುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ ಎಂದು ಬಂದಿದೆ.

ಆದರೆ ಕೂಡುವಿಕೆಯೊಂದರಿಂದಲೇ ಆಕಾಶಗಂಗೆಯನ್ನು ವಿವರಿಸಲಾಗದು ಎಂಬುದಕ್ಕೆ ಒಂದು ಸರಳ ಲೆಕ್ಕ ಕೊಡುತ್ತೇನೆ. ನಕ್ಷತ್ರಗಳು ಹುಟ್ಟುವುದು ತಣ್ಣಗಿನ, ದಟ್ಟವಾದ ಜಲಜನಕದ ಮೋಡಗಳಲ್ಲಿ. ನಮ್ಮ ಗೆಲಾಕ್ಸಿಯಲ್ಲಿ ಅಂತಹ ಅನಿಲ ಸುಮಾರು 100 ಕೋಟಿ ಸೂರ್ಯರ ತೂಕದಷ್ಟಿದೆ. ಪ್ರತಿ ವರ್ಷ ಒಂದರಿಂದ ಎರಡು ಸೂರ್ಯರ ತೂಕದಷ್ಟು ಅನಿಲ ನಕ್ಷತ್ರವಾಗುತ್ತದೆ. ಹೀಗೆ ಖರ್ಚಾದರೆ ಅದು ಹೆಚ್ಚೆಂದರೆ 100 ಕೋಟಿ ವರ್ಷ ಬಂದೀತು. ಆದರೂ ಆಕಾಶಗಂಗೆ 1,000 ಕೋಟಿ ವರ್ಷಗಳಿಗೂ ಮೇಲ್ಪಟ್ಟು ನಕ್ಷತ್ರಗಳನ್ನು ಮಾಡುತ್ತಲೇ ಬಂದಿದೆ. ಅಂದರೆ ಹೊರಗಿನಿಂದ ಹೊಸ ಅನಿಲ ನಿರಂತರವಾಗಿ ಬರುತ್ತಿರಲೇಬೇಕು. ಕಾವೇರಿಯ ಹೋಲಿಕೆ ಸಾಲದಾಗುವುದು ಇಲ್ಲಿಯೇ: ಗೆಲಾಕ್ಸಿಗೆ ಹೆಸರಿರುವ ಉಪನದಿಗಳಿಂದ ಬಂದದ್ದಕ್ಕಿಂತ, ಯಾವ ಗೆಲಾಕ್ಸಿಯೂ ಆಗದೆ ಹಾಗೆಯೇ ಇದ್ದ ಅನಿಲ ಎಳೆಎಳೆಯಾಗಿ ಬಂದು ಇಳಿದದ್ದೇ ಹೆಚ್ಚು.

ಇಡೀ ಬ್ರಹ್ಮಾಂಡದಲ್ಲಿ ನಕ್ಷತ್ರಗಳ ಹುಟ್ಟು ಅತಿ ಹೆಚ್ಚಾಗಿದ್ದುದು ಸುಮಾರು 1,000 ಕೋಟಿ ವರ್ಷಗಳ ಹಿಂದೆ. ಆಗಿನ ವೇಗ ಇಂದಿನದರ ಹತ್ತು ಪಟ್ಟಿನಷ್ಟಿತ್ತು. ಅದು ಏಕೆ ಇಳಿಯಿತು ಎಂಬುದಕ್ಕೆ ಮುಖ್ಯವಾದ ಸುಳಿವೊಂದು ಸಿಕ್ಕಿದ್ದು ಪುಣೆಯ ಬಳಿ ಖೊಡದ್‌ನಲ್ಲಿರುವ, 45 ಮೀಟರ್ ಅಗಲದ 30 ಆಂಟೆನಾಗಳ ಬೃಹತ್ ರೇಡಿಯೊ ದೂರದರ್ಶಕದಿಂದ. ಜಲಜನಕದ ಪರಮಾಣು 21 ಸೆಂಟಿಮೀಟರ್ ಉದ್ದದ ರೇಡಿಯೊ ತರಂಗವನ್ನು ಸೂಸುತ್ತದೆ. 800 ಕೋಟಿ ವರ್ಷ ಹಿಂದೆ ಹೊರಟದ್ದು ನಮ್ಮನ್ನು ತಲಪುವಾಗ ಹೆಚ್ಚುಕಡಿಮೆ ಎರಡು ಪಟ್ಟು ಉದ್ದವಾಗಿರುತ್ತದೆ. ಅಷ್ಟು ದೂರದ ಒಂದು ಗೆಲಾಕ್ಸಿಯ ಸಂಕೇತ ಗದ್ದಲದಲ್ಲಿ ಪೂರ್ತಿ ಮುಳುಗಿಹೋಗಿರುತ್ತದೆ. ಆದ್ದರಿಂದ ಸಂಶೋಧಕರು, ದೂರ ಮೊದಲೇ ತಿಳಿದಿದ್ದ 7,653 ಗೆಲಾಕ್ಸಿಗಳ ಸಂಕೇತಗಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆದರು. ಆಗ ಜಲಜನಕದ ಗುರುತು ಮೇಲೆದ್ದು ಬಂದಿತು. 2020ರಲ್ಲಿ ಪ್ರಕಟವಾದ ಈ ಫಲಿತಾಂಶದ ಪ್ರಕಾರ ಆ ಗೆಲಾಕ್ಸಿಗಳಲ್ಲಿ ಜಲಜನಕ ಧಾರಾಳವಾಗಿತ್ತು, ಆದರೆ ನಕ್ಷತ್ರಗಳನ್ನು ಮಾಡುವ ಭರಾಟೆಯಲ್ಲಿ ಅದು 100ರಿಂದ 200 ಕೋಟಿ ವರ್ಷಗಳಲ್ಲಿಯೇ ಮುಗಿದುಹೋಗುವಂತಿತ್ತು. ಹೊರಗಿನಿಂದ ಬರುವ ಅನಿಲ ಆ ಖರ್ಚಿಗೆ ಸರಿಗಟ್ಟಲಿಲ್ಲ. ನಕ್ಷತ್ರಗಳ ಹುಟ್ಟು ಇಳಿಯಿತು.

ಹಾಗಾದರೆ ಅನಿಲ ಬರುವುದು ಅಥವಾ ಉಳಿಯುವುದು ಯಾಕೆ ತಪ್ಪುತ್ತದೆ? ಸಣ್ಣ ಗೆಲಾಕ್ಸಿಗಳಲ್ಲಿ ಭಾರವಾದ ನಕ್ಷತ್ರಗಳು ಸೂಪರ್‌ನೋವಾಗಳಾಗಿ ಸಿಡಿದಾಗ ಅನಿಲ ಹೊರಕ್ಕೆ ಚಿಮ್ಮುತ್ತದೆ. ಅದನ್ನು ಹಿಡಿದಿಡುವಷ್ಟು ಗುರುತ್ವ ಅವುಗಳಿಗಿಲ್ಲ. ತೀರಾ ದೊಡ್ಡವುಗಳ ಕಷ್ಟ ಬೇರೆ. ಅವುಗಳ ಕಪ್ಪು ದ್ರವ್ಯದ ಗೋಳದೊಳಗೆ ಬೀಳುವ ಅನಿಲ ಕೋಟ್ಯಂತರ ಡಿಗ್ರಿಯಷ್ಟು ಬಿಸಿಯಾಗುವುದರಿಂದ ಬೇಗ ತಣಿಯದು. ತಣಿಯತೊಡಗಿದಾಗ ಒಂದಿಷ್ಟು ಕೇಂದ್ರದ ದೈತ್ಯ ಕಪ್ಪುರಂಧ್ರದ ಬಳಿಗೆ ಇಳಿಯುತ್ತದೆ. ಅಲ್ಲಿಂದ ಹೊಮ್ಮುವ ಕಣಗಳ ಧಾರೆಗಳು ಸುತ್ತಲಿನ ಅನಿಲವನ್ನು ಮತ್ತೆ ಕಾಯಿಸುತ್ತವೆ. ಪರ್ಸಿಯಸ್ ಗೆಲಾಕ್ಸಿಗುಚ್ಛದ ನಡುವಿನ ಬಿಸಿ ಅನಿಲದಲ್ಲಿ ಇಂತಹ ಧಾರೆಗಳು ಕೊರೆದ ಟೊಳ್ಳುಗಳನ್ನು ಚಂದ್ರಾ ಎಕ್ಸ್-ಕಿರಣ ದೂರದರ್ಶಕ ಸ್ಪಷ್ಟವಾಗಿ ಚಿತ್ರಿಸಿದೆ. ಆಕಾಶಗಂಗೆಯ ಕೇಂದ್ರದ ಕಪ್ಪುರಂಧ್ರ ಸುಮಾರು 40 ಲಕ್ಷ ಸೂರ್ಯರ ತೂಕದ್ದು, ಈಗ ಬಹುಮಟ್ಟಿಗೆ ಸುಮ್ಮನಿದೆ. ಇನ್ನು ಗೆಲಾಕ್ಸಿಗುಚ್ಛಗಳೊಳಗೆ ನುಗ್ಗುವ ಸುರುಳಿಗಳ ಅನಿಲವನ್ನು ಅಲ್ಲಿ ತುಂಬಿರುವ ಬಿಸಿ ಅನಿಲವೇ ಕಿತ್ತು ಹಿಂದಕ್ಕೆ ತಳ್ಳುತ್ತದೆ.

ಮುಪ್ಪಿನ ಪ್ರಶ್ನೆಗೆ ಉತ್ತರ ಇದರಿಂದಲೇ ಬರುತ್ತದೆ. ನೀಲಿಯಾಗಿ ಹೊಳೆಯುವ ಭಾರವಾದ ನಕ್ಷತ್ರಗಳು ಕೆಲವು ದಶಲಕ್ಷ ವರ್ಷಗಳಲ್ಲಿಯೇ ಸಾಯುತ್ತವೆ. ಹೊಸ ಅನಿಲವಿಲ್ಲದಿದ್ದರೆ ಅವುಗಳ ಜಾಗಕ್ಕೆ ಬೇರೆ ಬರುವುದಿಲ್ಲ, ದೀರ್ಘಕಾಲ ಬಾಳುವ ಕೆಂಪು ನಕ್ಷತ್ರಗಳು ಮಾತ್ರ ಉಳಿಯುತ್ತವೆ. ಗೆಲಾಕ್ಸಿಯ ಮುಪ್ಪು ಎಂದರೆ ಅದು. ಅದಕ್ಕೂ ವರ್ಷಗಳ ಎಣಿಕೆಗೂ ನೇರ ಸಂಬಂಧವಿಲ್ಲ: ಬ್ರಹ್ಮಾಂಡಕ್ಕೆ 200 ಕೋಟಿ ವರ್ಷ ತುಂಬುವ ಮೊದಲೇ ನಕ್ಷತ್ರ ಮಾಡುವುದನ್ನು ನಿಲ್ಲಿಸಿಬಿಟ್ಟ ದೊಡ್ಡ ಗೆಲಾಕ್ಸಿಗಳು ಕಂಡಿವೆ, ಇಂದಿಗೂ ಚುರುಕಾಗಿರುವ ಕುಬ್ಜ ಗೆಲಾಕ್ಸಿಗಳು ನಮ್ಮ ನೆರೆಯಲ್ಲಿಯೇ ಇವೆ. ಶಾಲಾ ಪುಸ್ತಕಗಳಲ್ಲಿ ಕಾಣುವ ಎಡ್ವಿನ್ ಹಬಲ್‌ರ ಕವಲು ಚಿತ್ರದಲ್ಲಿ ದೀರ್ಘವೃತ್ತದ ಗೆಲಾಕ್ಸಿಗಳು ಎಡಕ್ಕೂ ಸುರುಳಿಗಳು ಬಲಕ್ಕೂ ಇರುವುದನ್ನು ಕಂಡು, ಎಡದವು ಬೆಳೆದು ಬಲದವಾಗುತ್ತವೆ ಎಂದು ಮಕ್ಕಳು ತಿಳಿಯುತ್ತಾರೆ. ಅದು ಆಕಾರದ ವಿಂಗಡಣೆ ಮಾತ್ರ. ಬದಲಾವಣೆ ಆಗುವುದಾದರೆ ಹೆಚ್ಚಾಗಿ ಎದುರು ದಿಕ್ಕಿನಲ್ಲಿ: ಸುರುಳಿಗಳು ಕೂಡಿ, ತಟ್ಟೆ ಕಲಕಿ, ಅನಿಲ ತೀರಿ, ದೀರ್ಘವೃತ್ತದವಾಗುತ್ತವೆ.

ಅಂತಹ ಒಂದನ್ನು ನಿಮ್ಮ ಮಗಳಿಗೆ ತೋರಿಸಬೇಕೆಂದಿದ್ದರೆ ಕೊಡಗಿನವರಿಗೆ ಒಂದು ಅನುಕೂಲವಿದೆ. ಕನ್ಯಾ ಗೆಲಾಕ್ಸಿಗುಚ್ಛದ ನಡುವಿನ ಎಂ87, ಸುಮಾರು 5.4 ಕೋಟಿ ಜ್ಯೋತಿರ್ವರ್ಷ ದೂರದ ದೈತ್ಯ ದೀರ್ಘವೃತ್ತದ ಗೆಲಾಕ್ಸಿ. 2019ರಲ್ಲಿ ಮೊದಲ ಬಾರಿ ಚಿತ್ರ ಬಿಡುಗಡೆಯಾದ, 650 ಕೋಟಿ ಸೂರ್ಯರ ತೂಕದ ಕಪ್ಪುರಂಧ್ರ ಇರುವುದು ಅದರಲ್ಲಿಯೇ. ಮಡಿಕೇರಿಯ ಅಕ್ಷಾಂಶಕ್ಕೂ ಆಕಾಶದಲ್ಲಿ ಅದರ ಸ್ಥಾನಕ್ಕೂ ಹೊಂದಾಣಿಕೆ ಇರುವುದರಿಂದ ಅದು ನಮ್ಮಲ್ಲಿ ಬಹುತೇಕ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಏಪ್ರಿಲ್ ನಡುವಿನಲ್ಲಿ ರಾತ್ರಿ ಹನ್ನೊಂದೂವರೆಯ ಸುಮಾರಿಗೆ ಅತಿ ಎತ್ತರದಲ್ಲಿರುತ್ತದೆ. ಬೈನಾಕ್ಯುಲರ್ ಸಾಲದು, ನಾಲ್ಕರಿಂದ ಆರು ಇಂಚಿನ ದೂರದರ್ಶಕ ಬೇಕು. ಹೂಮಳೆ ಬಿದ್ದು ಧೂಳು ಅಡಗಿದ, ಚಂದ್ರನಿಲ್ಲದ ರಾತ್ರಿಯನ್ನು ಆರಿಸಿಕೊಂಡು, ಸಿಂಹದ ಬಾಲದ ಉತ್ತರಾ ನಕ್ಷತ್ರಕ್ಕೂ ಕನ್ಯಾ ರಾಶಿಯ ವಿಂಡೆಮಿಯಾಟ್ರಿಕ್ಸ್ ನಕ್ಷತ್ರಕ್ಕೂ ನಡುವಣ ಜಾಗವನ್ನು ನಿಧಾನವಾಗಿ ಹುಡುಕಿದರೆ, ನಡುವೆ ಬೆಳ್ಳಗಿದ್ದು ಅಂಚಿನತ್ತ ಮಾಸುವ ಒಂದು ದುಂಡನೆಯ ಮಸುಕು ಕಾಣುತ್ತದೆ. ತೋಳುಗಳನ್ನು ಹುಡುಕಬೇಡಿ, ಅದಕ್ಕೆ ಅವಿಲ್ಲ.